ದಾಕ್ಷಿಣ್ಯಕ್ಕೆ ‘ಹೂಂ’ ಅನ್ನೋ ಮೊದಲು…

ಮೊದಲಿಗೆ ಒಂದು ಪ್ರಶ್ನೆ. ವಾಟ್ಸ್‌ಆ್ಯಪ್‌ನಲ್ಲಿ ‘ಮಗಾ, ಒಂದು ಹೆಲ್ಪ್ ಆಗ್ಬೇಕಿತ್ತು’ ಅಂತ ಮೆಸೇಜ್ ಬಂದರೆ ನೀವೇನು ಮಾಡ್ತೀರಿ? ಏನು ಹೆಲ್ಪ್ ಅಂತ ತಿಳಿಯೋಕೂ ಮೊದಲೇ ‘ಹೇಳು ಮಗಾ, ಮಾಡೋಣ’ ಅಂತ ಕಳಿಸಿಬಿಡ್ತೀರಾ? ಹಾಗಿದ್ರೆ ಇವತ್ತಿನ ಸಂಚಿಕೆ ನಿಮಗಾಗಿಯೇ.

ನಮ್ಮ ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಇದೆ: ದಾಕ್ಷಿಣ್ಯ. ಮನಸ್ಸಿಗೆ ಇಷ್ಟ ಇರಲ್ಲ, ಆದರೂ ಎದುರಿಗಿರೋರು ಬೇಜಾರು ಮಾಡ್ಕೊಳ್ತಾರಲ್ಲ ಅಂತ ‘ಹೂಂ’ ಅನ್ನೋದು. ‘ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗವಿಲ್ಲ’ ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಒಪ್ಪಿಕೊಳ್ಳೋದು ಒಂದು ಕ್ಷಣದ ಕೆಲಸ. ಹೊತ್ತುಕೊಂಡು ತಿರುಗೋದು ತಿಂಗಳುಗಟ್ಟಲೆ.

ಸಾಲದ ಜಾಮೀನನ್ನೇ ತಗೊಳ್ಳಿ. ‘ಬರೀ ಒಂದು ಸೈನ್ ಕಣೋ, ಕಂತು ನಾನೇ ಕಟ್ತೀನಿ’ ಅಂತಾನೆ ಗೆಳೆಯ. ಆದರೆ ಅದು ಬರೀ ಸೈನ್ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲ ತಗೊಂಡವನಿಗೆ ಎಷ್ಟು ಹೊಣೆಯೋ ಜಾಮೀನು ಹಾಕಿದವನಿಗೂ ಅಷ್ಟೇ ಹೊಣೆ. ‘ಮೊದಲು ಅವನ ಹತ್ರ ವಸೂಲಿ ಮಾಡಿ, ಆಮೇಲೆ ನನ್ನ ಹತ್ರ ಬನ್ನಿ’ ಅಂತ ಬ್ಯಾಂಕಿನವರಿಗೆ ಹೇಳೋಕೆ ಸಾಮಾನ್ಯವಾಗಿ ಆಗಲ್ಲ. ಅವನು ಕಂತು ತಪ್ಪಿಸಿದರೆ ನಿಮ್ಮ ಕ್ರೆಡಿಟ್ ಸ್ಕೋರ್‌ಗೂ ಪೆಟ್ಟು ಬೀಳಬಹುದು. ನಾಳೆ ನಿಮ್ಮ ಬೈಕಿಗೋ, ತಂಗಿಯ ಓದಿಗೋ ಸಾಲ ಬೇಕಾದಾಗ ಅದೇ ಅಡ್ಡ ಬರುತ್ತೆ. ಗೆಳೆತನ ಉಳಿಸೋಕೆ ಹಾಕಿದ ಸೈನು, ಕೊನೆಗೆ ದುಡ್ಡಿನ ಜೊತೆ ಗೆಳೆತನವನ್ನೂ ಕೆಡಿಸುತ್ತೆ.

ಇನ್ನೊಂದು ಘಟನೆ ಹೇಳ್ತೀನಿ, ಇದು ಸ್ವಲ್ಪ ಕಠೋರ. 1990ರ ಜನವರಿ 25. ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬರ್ತಿದ್ದ ಏವಿಯಾಂಕಾ 52 ವಿಮಾನ, ಹವಾಮಾನ ಸರಿಯಿಲ್ಲದೆ ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಕಾಯಬೇಕಾಯ್ತು. ಇಂಧನ ಮುಗೀತಾ ಬಂತು. ಇಂಧನ ಸಾಲದಾಗ್ತಿದೆ ಅಂತ ಸಹ ಪೈಲಟ್ ನೆಲದ ಮೇಲಿದ್ದ ಕಂಟ್ರೋಲರ್‌ಗಳಿಗೆ ತಿಳಿಸಿದರು. ಆದರೆ ‘ಎಮರ್ಜೆನ್ಸಿ’ ಅನ್ನೋ ಪದ ಮಾತ್ರ ಅವರಿಗೆ ಹೇಳಲಿಲ್ಲ. ಕೇಳಿಸಿಕೊಂಡವರಿಗೆ ಪರಿಸ್ಥಿತಿಯ ಗಂಭೀರತೆ ಅರ್ಥವಾಗಲಿಲ್ಲ. ವಿಮಾನ ಲಾಂಗ್ ಐಲೆಂಡ್‌ನಲ್ಲಿ ಬಿತ್ತು. ಅದರಲ್ಲಿದ್ದ 158 ಜನರಲ್ಲಿ 73 ಮಂದಿ ತೀರಿಕೊಂಡರು. ಅಪಘಾತಕ್ಕೆ ಕಾರಣ ಹಲವು, ನಿಜ. ಆದರೆ ಹೇಳಬೇಕಾದ್ದನ್ನು ನೇರವಾಗಿ ಹೇಳದಿದ್ದರೆ ಏನಾಗಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ. ವಿಮಾನ ಸಿಬ್ಬಂದಿಯ ತರಬೇತಿಯಲ್ಲಿ, ಕಿರಿಯರು ಕ್ಯಾಪ್ಟನ್‌ಗೂ ಸ್ಪಷ್ಟವಾಗಿ ಮಾತಾಡೋದನ್ನು ಒಂದು ಕೌಶಲ ಅಂತಲೇ ಕಲಿಸ್ತಾರೆ.

ಕೌಶಲ ಅಂದೆ, ಗಮನಿಸಿ. ಅಂದ್ರೆ ಇದು ಹುಟ್ಟುಗುಣ ಅಲ್ಲ, ಅಭ್ಯಾಸದಿಂದ ಬರುತ್ತೆ. ಜಗಳ ಆಡೋದೂ ಅಲ್ಲ. ಜಗಳದಲ್ಲಿ ನನ್ನ ಮಾತು ಮಾತ್ರ ಮುಖ್ಯ. ದಾಕ್ಷಿಣ್ಯದಲ್ಲಿ ಎದುರಿನವರ ಮಾತು ಮಾತ್ರ ಮುಖ್ಯ. ದೃಢವಾಗಿ ಮಾತಾಡೋದು ಅಂದ್ರೆ ಇಬ್ಬರಿಗೂ ಬೆಲೆ ಕೊಡೋದು.

ಸರಿ, ಹೇಗೆ ಶುರು ಮಾಡೋದು? ಮೊದಲನೆಯದು, ಸಮಯ ಕೇಳಿ. ‘ಯೋಚನೆ ಮಾಡಿ ನಾಳೆ ಸಂಜೆ ಹೇಳ್ತೀನಿ’ ಅನ್ನಿ. ಆದರೆ ನಾಳೆ ಸಂಜೆ ಹೇಳಲೇಬೇಕು! ಫೋನ್ ಎತ್ತದೆ ತಪ್ಪಿಸ್ಕೊಳ್ಳೋದು ಉತ್ತರ ಅಲ್ಲ.

ಎರಡನೆಯದು, ನೆಪ ಹೇಳಬೇಡಿ. ‘ಈ ವಾರ ಊರಲ್ಲಿ ಇರಲ್ಲ’ ಅಂದರೆ ‘ಮುಂದಿನ ವಾರ ಸೈನ್ ಹಾಕು’ ಅಂತಾರೆ. ನೆಪಕ್ಕೆ ಪರಿಹಾರ ಇದೆ, ನಿರ್ಧಾರಕ್ಕೆ ಇಲ್ಲ. ‘ನಾನು ಯಾರ ಸಾಲಕ್ಕೂ ಜಾಮೀನು ಹಾಕಲ್ಲ’ ಅನ್ನಿ, ಸಾಕು.

ಮೂರನೆಯದು, ಒತ್ತಾಯ ಮಾಡಿದರೆ ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳಿ. ಮನಃಶಾಸ್ತ್ರಜ್ಞ ಮ್ಯಾನುಯೆಲ್ ಸ್ಮಿತ್ 1975ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ಉಪಾಯವನ್ನು ‘ಬ್ರೋಕನ್ ರೆಕಾರ್ಡ್’ ಅಂತ ಕರೆದಿದ್ದಾರೆ. ಕೆಟ್ಟ ರೆಕಾರ್ಡು ಒಂದೇ ಸಾಲು ಹಾಡುತ್ತಲ್ಲ, ಹಾಗೆ. ದನಿ ಏರಿಸೋದು ಬೇಡ, ಹೊಸ ಕಾರಣ ಹುಡುಕೋದೂ ಬೇಡ.

ನಾಲ್ಕನೆಯದು, ನಿಮ್ಮಿಂದ ಆಗೋದನ್ನು ಹೇಳಿ. ‘ಜಾಮೀನು ಆಗಲ್ಲ, ಆದರೆ ಬ್ಯಾಂಕಿಗೆ ನಿನ್ನ ಜೊತೆ ಬರ್ತೀನಿ, ಬೇರೆ ದಾರಿ ಇದೆಯಾ ಅಂತ ಕೇಳೋಣ.’ ಆಗ ‘ಆಗಲ್ಲ’ ಅಂದಿದ್ದು ಗೆಳೆಯನಿಗಲ್ಲ, ಆ ಕೆಲಸಕ್ಕೆ ಅಂತ ಅವನಿಗೂ ಅರ್ಥವಾಗುತ್ತೆ.

ಎಲ್ಲ ಕಡೆ ಇದು ಇಷ್ಟು ಸುಲಭ ಅಲ್ಲ ಅಂತ ನನಗೂ ಗೊತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಬಾಸ್‌ಗೆ ‘ಆಗಲ್ಲ’ ಅನ್ನೋದು ಹೇಗೆ? ಅಲ್ಲಿ ಪ್ರಶ್ನೆ ಕೇಳಿ: ‘ಸರ್, ಇವತ್ತು ಎರಡರಲ್ಲಿ ಒಂದು ಮುಗಿಸ್ಬಹುದು. ಯಾವುದು ಮೊದಲು ಮಾಡ್ಲಿ?’ ಮರ್ಯಾದೆಯೂ ಉಳೀತು, ನಿಜವೂ ಹೇಳಿದ ಹಾಗಾಯ್ತು.

ನಾನು ಗಮನಿಸಿದ ಹಾಗೆ, ಎಲ್ಲದಕ್ಕೂ ‘ಹೂಂ’ ಅನ್ನೋರ ‘ಹೂಂ’ಗೆ ಕ್ರಮೇಣ ಬೆಲೆ ಇರಲ್ಲ. ‘ಆಗಲ್ಲ’ ಅನ್ನೋಕೆ ಬರೋರು ‘ಆಗುತ್ತೆ’ ಅಂದರೆ ಜನ ನಂಬ್ತಾರೆ. ಈ ವಾರ ಒಂದು ಸಣ್ಣ ವಿಷಯದಿಂದ ಶುರು ಮಾಡಿ. ಊಟಕ್ಕೆ ಎಲ್ಲಿ ಹೋಗೋಣ ಅಂತ ಕೇಳಿದಾಗ ‘ಎಲ್ಲಾದ್ರೂ ಓಕೆ’ ಅನ್ನದೆ, ನಿಮಗೆ ಬೇಕಾದ ಹೋಟೆಲ್ ಹೆಸರು ಹೇಳಿ ನೋಡಿ. ಏನಾಯ್ತು ಅಂತ ನಮಗೂ ತಿಳಿಸಿ.