ಸಮವಸ್ತ್ರದೊಳಗಿನ ವಿದ್ಯಾರ್ಥಿ
(ಖಾರಘರದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಎಂ.ಬಿ.ಬಿ.ಎಸ್. ಮುಗಿಸಿ ಸೇನೆ ಸೇರಿದ ಮಕ್ಕಳನ್ನು ಕುರಿತು ನಮ್ಮ ಮನೆಗಳಲ್ಲಿ ಒಂದು ಕೊರಗು ಉಂಟು: “ಜೊತೆಯವರೆಲ್ಲ ಎಂ.ಡಿ. ಆದರು, ನಮ್ಮವನು ಗಡಿಯಲ್ಲಿ ಜ್ವರ ನೋಡುತ್ತ ಕುಳಿತ.” ಕೊರಗು ಸುಳ್ಳಲ್ಲ. ಗಡಿಯಲ್ಲಿರುವವನೆಂದು ನೀಟ್-ಪೀಜಿ ಪರೀಕ್ಷೆ ಸುಲಭವಾಗದು. ಅಲ್ಲಿ ಗ್ರಂಥಾಲಯ ದೂರ, ಗುರುಗಳು ಇನ್ನೂ ದೂರ. ಓದು ಕೈಹತ್ತಿದ ರಾತ್ರಿಯೇ ರೋಗಿಯ ಕರೆ ಬಂದೀತು; ಬಂದರೆ ಪುಸ್ತಕ ಮುಚ್ಚಲೇಬೇಕು.

ಆದರೂ ದಾರಿ ಉಂಟು. ನಮ್ಮ ನೆರೆಯ ಪುಣೆಯಲ್ಲಿ 1948ರಲ್ಲಿ ಸ್ಥಾಪಿತವಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಸೇವೆಯಲ್ಲಿರುವ ವೈದ್ಯರಿಗೂ ಸ್ನಾತಕೋತ್ತರ ಶಿಕ್ಷಣ ಕೊಡುತ್ತದೆ. ಧಾರವಾಡದಲ್ಲಿ ಹುಟ್ಟಿದ ಮಾಧುರಿ ಕಾನಿಟ್ಕರ್ ಅವರನ್ನು ನೋಡಿರಿ. ಸಮವಸ್ತ್ರ ತೊಟ್ಟೇ ಮಕ್ಕಳ ವೈದ್ಯಶಾಸ್ತ್ರ ಓದಿದರು. ಬಳಿಕ ಮಕ್ಕಳ ಮೂತ್ರಪಿಂಡ ರೋಗಗಳಲ್ಲಿ ತರಬೇತಿ ಪಡೆದರು. 2020ರಲ್ಲಿ ಲೆಫ್ಟಿನೆಂಟ್ ಜನರಲ್ ಆಗಿ, ನಮ್ಮ ಪಡೆಗಳಲ್ಲಿ ಮೂರು ನಕ್ಷತ್ರದ ದರ್ಜೆಗೇರಿದ ಮೂರನೆಯ ಮಹಿಳೆಯೆನಿಸಿದರು. 2021ರಲ್ಲಿ ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕುಲಪತಿಯಾದರು.

ತಂದೆತಾಯಂದಿರಲ್ಲಿ ನನ್ನದೊಂದು ಬಿನ್ನಹ. ಮಗ ಫೋನು ಮಾಡಿದಾಗ “ಸೀಟು ಸಿಕ್ಕಿತೆ?” ಎನ್ನುವ ಮುನ್ನ “ಇಂದು ಯಾರಿಗೆ ಔಷಧ ಕೊಟ್ಟೆ?” ಎಂದು ಕೇಳಿರಿ. ಮೊದಲನೆಯದಕ್ಕೆ ಉತ್ತರ ವರ್ಷಕ್ಕೊಮ್ಮೆ. ಎರಡನೆಯದಕ್ಕೆ ಅವನ ಬಳಿ ದಿನವೂ ಉತ್ತರ ಉಂಟು. ಆ ಉತ್ತರವೇ ಅವನನ್ನು ಮತ್ತೆ ಪುಸ್ತಕದ ಮುಂದೆ ಕೂರಿಸೀತು.