ತೂಕವಿಲ್ಲದ ಸ್ಥಿತಿಯಲ್ಲಿ ನಮ್ಮ ಹೃದಯ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಇಂದು ವಿಜ್ಞಾನದ ವಿಷಯವನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಕಾರಣ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. 2025ರ ಜುಲೈ 15ರಂದು ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶದಿಂದ ಭೂಮಿಗೆ ಮರಳಿದರು. ಮರುದಿನ ತರಗತಿಯಲ್ಲಿ ಆ ಹುಡುಗಿ, "ಸರ್, ಅವರು ಅಷ್ಟು ಗಟ್ಟಿಮುಟ್ಟಾಗಿದ್ದಾರೆ. ಮತ್ಯಾಕೆ ಅವರನ್ನು ಹಿಡಿದುಕೊಂಡು ಇಳಿಸಿದರು?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಉತ್ತರದ ಜೊತೆಗೆ ನಮ್ಮ ಮನೆಯದೇ ಒಂದು ಹಳೆಯ ತಪ್ಪು ಕೂಡ ತಿಳಿಯಿತು.

ಮೊದಲು ನಮ್ಮ ದೇಹದ ವ್ಯವಸ್ಥೆಯನ್ನು ನೋಡೋಣ. ನಾವು ಮಲಗಿದ್ದು ಎದ್ದು ನಿಂತ ಕೂಡಲೇ ಭೂಮಿಯ ಆಕರ್ಷಣೆಯಿಂದ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ ಮತ್ತು ಕಾಲುಗಳ ಕಡೆಗೆ ಇಳಿಯುತ್ತದೆ. ಹಾಗಾದರೆ ಮೆದುಳಿಗೆ ರಕ್ತ ಕಡಿಮೆಯಾಗಿ ನಾವು ಬೀಳಬೇಕಲ್ಲವೇ? ಬೀಳುವುದಿಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳಗಳಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ ಒತ್ತಡವನ್ನು ಅಳೆಯುವ ಸೂಕ್ಷ್ಮ ನರತುದಿಗಳಿವೆ. ಇವು ನಮ್ಮ ಕಾವಲುಗಾರರು. ಒತ್ತಡ ಸ್ವಲ್ಪ ಇಳಿದರೂ ಮೆದುಳಿಗೆ ಸುದ್ದಿ ಮುಟ್ಟುತ್ತದೆ. ಕೆಲವೇ ಕ್ಷಣಗಳಲ್ಲಿ ಹೃದಯದ ಬಡಿತ ಹೆಚ್ಚುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ, ಬಿ.ಪಿ. ಸರಿಹೋಗುತ್ತದೆ. ದಿನಕ್ಕೆ ಎಷ್ಟೋ ಸಲ ಇದು ನಡೆದರೂ ನಮ್ಮ ಗಮನಕ್ಕೆ ಬರುವುದಿಲ್ಲ.

ಬಾಹ್ಯಾಕಾಶದಲ್ಲಿ ನೌಕೆಯೂ ಅದರೊಳಗಿನವರೂ ಭೂಮಿಯ ಸುತ್ತ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ತೂಕದ ಅನುಭವವಿಲ್ಲ. ರಕ್ತ ಕಾಲಿಗೆ ಇಳಿಯದೆ ಎದೆ ಮತ್ತು ತಲೆಯ ಕಡೆಗೆ ಸರಿಯುತ್ತದೆ. ಮುಖ ಊದಿಕೊಳ್ಳುತ್ತದೆ, ಕಾಲು ಸಣಕಲಾಗುತ್ತದೆ. ರಕ್ತ ಹೆಚ್ಚಾಗಿದೆ ಎಂದು ದೇಹ ತಪ್ಪು ತಿಳಿಯುತ್ತದೆ. ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಶೇ. 10ರಿಂದ 15ರಷ್ಟು ಕಡಿಮೆಯಾಗುತ್ತದೆ. ಅಲ್ಲಿ ಇದರಿಂದ ತೊಂದರೆಯಿಲ್ಲ. ಭೂಮಿಗೆ ಬಂದು ನಿಂತಾಗ ಮಾತ್ರ ಕೊರತೆ ಗೊತ್ತಾಗುತ್ತದೆ. ಶುಕ್ಲಾ ಅವರಿಗೆ ಆಸರೆ ಬೇಕಾದದ್ದು ಕಾಯಿಲೆಯಿಂದಲ್ಲ. ಅವರ ದೇಹ ಮತ್ತೆ ನಿಲ್ಲುವುದನ್ನು ಕಲಿಯಬೇಕಿತ್ತು.

ಇದನ್ನು ಅಭ್ಯಾಸ ಮಾಡಲು ಎಲ್ಲರನ್ನೂ ಆಕಾಶಕ್ಕೆ ಕಳಿಸಲಾಗುವುದಿಲ್ಲ. ಅದಕ್ಕಾಗಿ ವಿಜ್ಞಾನಿಗಳು ಒಂದು ಸರಳ ಉಪಾಯ ಕಂಡುಕೊಂಡರು. ಮಂಚದ ತಲೆಯ ಭಾಗವನ್ನು 6 ಡಿಗ್ರಿಯಷ್ಟು ತಗ್ಗಿಸಿ ಆರೋಗ್ಯವಂತ ಸ್ವಯಂಸೇವಕರನ್ನು ವಾರಗಟ್ಟಲೆ ಮಲಗಿಸುವುದು. ಊಟ, ಸ್ನಾನ, ಶೌಚ ಎಲ್ಲವೂ ಮಲಗಿಯೇ. ಮಾಸ್ಕೋದಲ್ಲಿ 1986-87ರಲ್ಲಿ ಹೀಗೆ 370 ದಿನ ಮಲಗಿದವರಿದ್ದಾರೆ. ಇನ್ನೊಂದು ವಿಧಾನದಲ್ಲಿ ನೀರಿನ ತೊಟ್ಟಿಯ ಮೇಲೆ ನೀರು ಸೋರದ ಬಟ್ಟೆ ಹಾಸಿ, ಮೈ ಒದ್ದೆಯಾಗದಂತೆ ತೇಲಿಸುತ್ತಾರೆ. ಫ್ರಾನ್ಸಿನ ಟುಲೂಸ್‌ನಲ್ಲಿ 2021ರಲ್ಲಿ 20 ಮಹಿಳೆಯರು 5 ದಿನ ಹೀಗೆ ತೇಲಿ ಪರೀಕ್ಷೆಗೆ ಒಳಗಾದರು.

ಫಲಿತಾಂಶವೇನು? ಆಕಾಶದಲ್ಲಿ ಆಗುವುದೆಲ್ಲ ಮಂಚದ ಮೇಲೂ ಆಯಿತು. ಪ್ಲಾಸ್ಮಾ ಇಳಿಯಿತು, ಕಾವಲುಗಾರರು ಮಂದವಾದರು. ಒಂದು ಅಧ್ಯಯನದಲ್ಲಿ 6 ವಾರ ಮಲಗಿದವರ ಹೃದಯದ ಎಡ ಹೃತ್ಕುಕ್ಷಿಯ ಸ್ನಾಯುರಾಶಿ ಶೇ. 8ರಷ್ಟು ಕಡಿಮೆಯಾಗಿತ್ತು. ಎದ್ದು ನಿಂತಾಗ ಹಲವರಿಗೆ ತಲೆ ಸುತ್ತಿತು.

ಇನ್ನೂ ಹಳೆಯದೊಂದು ಪ್ರಯೋಗವಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ 5 ಯುವಕರನ್ನು 3 ವಾರ ಸಾಧಾರಣ ಹಾಸಿಗೆಯಲ್ಲಿ ಮಲಗಿಸಿದರು. ಅವರ ದೇಹದ ದುಡಿಯುವ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. 30 ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. 30 ವರ್ಷದ ವಯಸ್ಸು ಕಸಿದ ಶಕ್ತಿಗಿಂತ ಆ 3 ವಾರದ ಹಾಸಿಗೆ ಕಸಿದದ್ದೇ ಹೆಚ್ಚಾಗಿತ್ತು! ಆದರೆ ಸಂತೋಷದ ಸಂಗತಿಯೂ ಇದೆ. 1966ರಲ್ಲಿ ವ್ಯಾಯಾಮದ ತರಬೇತಿಯಿಂದ ಅವರು ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆದಿದ್ದರು.

ಈಗ ನಮ್ಮ ಮನೆಯ ತಪ್ಪಿಗೆ ಬರುತ್ತೇನೆ. ನಾನು ಬಿ.ಎಡ್. ಓದುತ್ತಿದ್ದಾಗ ನಮ್ಮ ನಾನಿಗೆ ಹೊಟ್ಟೆಯ ಆಪರೇಷನ್ ಆಯಿತು. ನಿಧಾನವಾಗಿ ನಡೆಸಿ ಎಂದು ಡಾಕ್ಟರ್ ಹೇಳಿದ್ದರು. ನಾವು ಕೇಳಲಿಲ್ಲ. "ನಾನಿ, ನೀವು ಏಳಬೇಡಿ, ನಾವಿದ್ದೇವಲ್ಲ" ಎಂದು ಪ್ರೀತಿಯಿಂದ 3 ವಾರ ಮಂಚದಲ್ಲೇ ಇಟ್ಟೆವು. ಒಂದು ನಸುಕಿನಲ್ಲಿ ಅವರು ಯಾರನ್ನೂ ಎಬ್ಬಿಸದೆ ತಾವೇ ಎದ್ದು ನಿಂತರು. ಕಣ್ಣಿಗೆ ಕತ್ತಲೆ ಬಂದು ಬಿದ್ದು ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಧೈರ್ಯ ಕೂಡಲಿಲ್ಲ. ಆಮೇಲೆ ಅವರು ಮೊದಲಿನಂತೆ ನಡೆಯಲೇ ಇಲ್ಲ. ನಾವು "ವಯಸ್ಸಾಯಿತು" ಎಂದೆವು. ವಯಸ್ಸಿನ ಜೊತೆಗೆ ನಮ್ಮ ಪ್ರೀತಿಯ ಹಾಸಿಗೆಯೂ ಕಾರಣವಾಗಿತ್ತೆಂದು ಈಗ ಅರ್ಥವಾಗುತ್ತದೆ.

ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರು ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮಕ್ಕೆ ಮೀಸಲಿಡುತ್ತಾರೆ. ಇಳಿಯುವ ಮುನ್ನ ಉಪ್ಪಿನೊಂದಿಗೆ ನೀರು ಕುಡಿಯುತ್ತಾರೆ. ಇದನ್ನು ಬಿ.ಪಿ. ಇರುವ ಹಿರಿಯರಿಗೆ ಮಾಡಲು ಹೋಗಬೇಡಿ. ಆದರೆ ವೈದ್ಯರು ಒಪ್ಪಿಗೆ ಕೊಟ್ಟ ದಿನದಿಂದಲೇ ನಮ್ಮ ದಾದಾ, ದಾದಿ, ನಾನಾ, ನಾನಿಯವರನ್ನು ಎಬ್ಬಿಸಿ ಕೂರಿಸೋಣ. ಕಾಲು ಕೆಳಗೆ ಇಳಿಬಿಟ್ಟು, ಪಾದ ಆಡಿಸಿ, ಕೆಲವು ನಿಮಿಷ ಕುಳಿತ ನಂತರ, ನಮ್ಮ ಕೈ ಹಿಡಿದು ನಿಲ್ಲಲಿ. ನಿಂತ 3 ನಿಮಿಷದೊಳಗೆ ಮೇಲಿನ ಬಿ.ಪಿ. 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ವೈದ್ಯರಿಗೆ ತಿಳಿಸಬೇಕು.

ಪ್ರೀತಿಯ ವಿದ್ಯಾರ್ಥಿಗಳೇ, ಬಳಸದ ಭಾಷೆಯನ್ನು ನಾಲಿಗೆ ಮರೆಯುವಂತೆ, ನಿಲ್ಲದ ದೇಹ ನಿಲ್ಲುವುದನ್ನು ಮರೆಯುತ್ತದೆ. ಇಂದು ಮನೆಗೆ ಹೋದ ಮೇಲೆ ಹಾಸಿಗೆ ಹಿಡಿದ ಹಿರಿಯರಿದ್ದರೆ ಅವರಿಗೆ ನೀರು ತಂದುಕೊಡುವುದರ ಜೊತೆಗೆ ನಿಮ್ಮ ಕೈಯನ್ನೂ ಕೊಡಿ. ನಾವು ನಾನಿಗೆ ಕೊಡದೇ ಹೋದದ್ದು ಅದನ್ನೇ.