ನಡು ಮೈದಾನದ ಆಟಗಾರ ಕಾರ್ಲ್ಟನ್ ಚಾಪ್‌ಮನ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಫುಟ್‌ಬಾಲ್ ಎಂದಕೂಡಲೆ ಇಲ್ಲಿನ ಮಕ್ಕಳು ಮೆಸ್ಸಿ ಎನ್ನುತ್ತಾರೆ. ನಮ್ಮ ವಾರಿಗೆಯವರು ಪೆಲೆ, ಮರಡೋನಾ ಎನ್ನುತ್ತೇವೆ. ನಮ್ಮ ರಾಜ್ಯದವರೇ ಆದ ಕಾರ್ಲ್ಟನ್ ಚಾಪ್‌ಮನ್ ಹೆಸರು ನಮ್ಮ ಭಾಗದಲ್ಲಿ ಕೇಳಿದವರು ಕಡಿಮೆ. ಇವತ್ತು ಅವರ ಬಗ್ಗೆ ಹೇಳುತ್ತೇನೆ.

ಚಾಪ್‌ಮನ್ ಮಿಡ್‌ಫೀಲ್ಡರ್, ಅಂದರೆ ನಡು ಮೈದಾನದ ಆಟಗಾರ. ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಒದಗಿಸುವುದು ಅವರ ಕೆಲಸ. ನಮ್ಮೂರ ವಾಲಿಬಾಲ್‌ನಲ್ಲಿ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು ಇರುತ್ತಾನಲ್ಲ, ಹಾಗೆ. ಜನ ಚಪ್ಪಾಳೆ ತಟ್ಟುವುದು ಹೊಡೆದವನಿಗೆ. ಆದರೆ ಎತ್ತಿಕೊಡುವವನು ಇಲ್ಲದಿದ್ದರೆ ಹೊಡೆಯುವುದೇನನ್ನು?

ಅವರು ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ಬೆಳೆದದ್ದು ಆಸ್ಟಿನ್ ಟೌನ್‌ನಲ್ಲಿ. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ತರಬೇತಿ ಸಿಕ್ಕಿತು. 1990ರಲ್ಲಿ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾದರು. 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್ ಅವರವು. ಚೆಂಡು ಒದಗಿಸುವವನು ಸಮಯ ಬಂದರೆ ಹೊಡೆಯಲೂ ಬಲ್ಲ ಎಂದು ತೋರಿಸಿದರು.

1995ರಲ್ಲಿ ಪಂಜಾಬಿನ ಫಗ್ವಾಡಾದ ಜೆ.ಸಿ.ಟಿ. ತಂಡಕ್ಕೆ ಹೋದರು. ಅಲ್ಲಿ ಐ. ಎಂ. ವಿಜಯನ್, ಭೈಚುಂಗ್ ಭುಟಿಯಾ ಜೊತೆಗಾರರು. 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು ಅದೇ ತಂಡ. ಆ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು, 14 ಗೋಲು ಹೊಡೆದವರು ಭುಟಿಯಾ. ಗೋಲು ಹೊಡೆದವರ ಲೆಕ್ಕ ದಾಖಲೆಯಲ್ಲಿ ಉಳಿಯುತ್ತದೆ. ನಡು ಮೈದಾನದಲ್ಲಿ ಓಡಿದವರ ಬೆವರಿಗೆ ಲೆಕ್ಕವಿಲ್ಲ. ಮುಂದೆ ಈಸ್ಟ್ ಬೆಂಗಾಲ್‌ಗೆ ಮರಳಿ, ನಾಯಕರಾಗಿ 2000-01ರ ಲೀಗ್ ಗೆಲ್ಲಿಸಿದರು. ಭಾರತ ತಂಡಕ್ಕೂ ನಾಯಕರಾಗಿದ್ದರು. 2001ರಲ್ಲಿ ನಿವೃತ್ತರಾದ ಮೇಲೆ ತರಬೇತುದಾರರಾದರು. ತಾವು ಕಲಿತ ಟಾಟಾ ಅಕಾಡೆಮಿಯಲ್ಲಿಯೇ ಹುಡುಗರಿಗೆ ಕಲಿಸಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ಬರೀ 49 ವರ್ಷ.

ಈ ಕಥೆಯಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಚಾಪ್‌ಮನ್ ಇತರರಿಗೆ ಚೆಂಡು ಒದಗಿಸುವ ಮೊದಲು, ಅವರಿಗೂ ಯಾರೋ ಒದಗಿಸಿದ್ದರು. ತರಬೇತಿ ಕೇಂದ್ರ ಅವರನ್ನು ಅಕಾಡೆಮಿಗೆ ದಾಟಿಸಿತು, ಅಕಾಡೆಮಿ ಕ್ಲಬ್ಬಿಗೆ ದಾಟಿಸಿತು. ನಮ್ಮ ಮಕ್ಕಳ ಕಾಲಲ್ಲಿ ಓಟ ಇಲ್ಲವೇ? ಹೋಬಳಿ ಮಟ್ಟದಲ್ಲಿ, ತಾಲ್ಲೂಕು ಮಟ್ಟದಲ್ಲಿ ಗೆದ್ದು ಬರುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಯಿತು ಅಂದರೆ ಆಟವೂ ಮುಗಿಯಿತು. ಹೆಣ್ಣುಮಕ್ಕಳದಂತೂ ಅದಕ್ಕಿಂತ ಮೊದಲೇ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ದಾಟಿಸುವವರು ಬೇಕು.

“ಆಟ ಆಡಿದ್ರ ಹೊಟ್ಟಿ ತುಂಬ್ತದೇನು?” ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಟಗಾರನ ದುಡಿಮೆಯ ವರ್ಷಗಳು ಕಡಿಮೆ, ಓದು ಬಿಡುವಂತಿಲ್ಲ. ಆದರೆ ಓದಿಗೂ ಆಟಕ್ಕೂ ಜಗಳವಿಲ್ಲ. 1982ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತಂಡದ ನಾಯಕನಾಗಿದ್ದ ಸಾಕ್ರಟೀಸ್ ಕೂಡ ನಡು ಮೈದಾನದ ಆಟಗಾರನೇ. ಆತ ಆಡುತ್ತಲೇ ವೈದ್ಯಕೀಯ ಪದವಿ ಪಡೆದ ಡಾಕ್ಟರ್.

ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣ, ದಾನಿಗಳ ಹೆಸರು ಕೆತ್ತಿಸೋಣ ಎಂಬ ಮಾತು ಬಂದಿದೆ. ಬೇಡ ಎನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಮೂರು ಕೆಲಸ ಆಗಲಿ. ಒಂದು, ಶಾಲೆಯ ಮೈದಾನದ ಕಲ್ಲು ಆರಿಸಿ ಸಮ ಮಾಡಿಸುವುದು, ಅದರ ಒಂದು ಗೇಣು ಜಾಗವೂ ಬೇರೆ ಕೆಲಸಕ್ಕೆ ಹೋಗದಂತೆ ಊರವರು ನೋಡಿಕೊಳ್ಳುವುದು. ಎರಡು, ಕ್ರೀಡಾ ವಸತಿ ಶಾಲೆಗಳ ಆಯ್ಕೆ ಯಾವಾಗ ನಡೆಯುತ್ತದೆ ಎಂದು ತಿಳಿದು ಮಕ್ಕಳನ್ನು ಕಳಿಸುವುದು. ಮೂರು, ಚೆನ್ನಾಗಿ ಆಡುವ ಹುಡುಗ ಹುಡುಗಿಯರು ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಹೋಗಿಬರಲು ಬಸ್ ಚಾರ್ಜು, ಒಂದು ಜೊತೆ ಬೂಟು ಕೊಡಿಸುವುದು. ಕಲಬುರಗಿಯಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಆ ಮಕ್ಕಳಿಗೆ ಅಲ್ಲಿ ಮನೆಯವರಂತೆ ನಿಲ್ಲಬೇಕು.

ಐವತ್ತು ವರ್ಷದಿಂದ ನಮ್ಮ ಗುರುಗಳು ಮಾಡಿದ್ದು ಇದೇ ಕೆಲಸ. ನಮ್ಮನ್ನು ಮುಂದಕ್ಕೆ ದಾಟಿಸಿ ತಾವು ಇಲ್ಲಿಯೇ ಉಳಿದರು. ಈಗ ಚೆಂಡು ನಮ್ಮ ಕಾಲ ಹತ್ತಿರ ಇದೆ. ಹಿಡಿದುಕೊಂಡು ನಿಲ್ಲುವುದು ಬೇಡ.